ಗೋಷ್ಠಿಯೆಂಬ ಸಸಿಮಡಿ

ಪ್ರಥಮ ವರ್ಷದ ಮೊದಲ ಮೂರು ತಿಂಗಳು ನಾನು ತರಗತಿಯಲ್ಲಿ ಬಾಯಿ ತೆರೆದವನಲ್ಲ. ಹೊಳೆನರಸೀಪುರದಿಂದ ಬೆಳಗಿನ ಬಸ್ಸಿಗೆ ಹಾಸನಕ್ಕೆ ಬರುವುದು, ಕೊನೆಯ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುವುದು, ಸಂಜೆಯ ಬಸ್ಸಿಗೆ ಹಿಂದಿರುಗುವುದು—ಇಷ್ಟನ್ನೇ ವ್ಯಾಸಂಗವೆಂದು ತಿಳಿದಿದ್ದೆ. ಸಂದೇಹಗಳಿರಲಿಲ್ಲವೆಂದಲ್ಲ, ಎಂಬತ್ತು ಮಂದಿಯ ನಡುವೆ ಎದ್ದು ನಿಲ್ಲುವ ಧೈರ್ಯವಿರಲಿಲ್ಲ.

ಅನಂತರ ಅಧ್ಯಾಪಕರೊಬ್ಬರು ನಮ್ಮಲ್ಲಿ ಹತ್ತು ಮಂದಿಯನ್ನು ಸೇರಿಸಿ ಗೋಷ್ಠಿಯೊಂದನ್ನು ಏರ್ಪಡಿಸಿದರು. ‘ಸೆಮಿನಾರ್’ ಎಂಬ ಮಾತಿನ ಮೂಲ ಲ್ಯಾಟಿನ್. ಅಲ್ಲಿ ಅದಕ್ಕೆ ಸಸಿಮಡಿ ಎಂದರ್ಥ. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯವು ಈ ಕ್ರಮವನ್ನು ಬೆಳೆಸಿತು. ಅಮೆರಿಕದ ಹಾರ್ವರ್ಡ್ 1959ರಲ್ಲಿ ಇದನ್ನು ಹೊಸ ವಿದ್ಯಾರ್ಥಿಗಳಿಗಾಗಿಯೇ ಆರಂಭಿಸಿತು. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರರ ಮಕ್ಕಳಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ: ಮಡಿಯಲ್ಲಿ ಬೇರುಬಿಟ್ಟ ಸಸಿಯೇ ಹೊಲದಲ್ಲಿ ನಿಲ್ಲುವುದು.

ನಮಗೆ ಕೊಟ್ಟ ವಿಷಯ, ನಮ್ಮ ಜಿಲ್ಲೆಯದೇ ಆದ ಹಲ್ಮಿಡಿ ಶಾಸನ. ಬೇಲೂರು ತಾಲ್ಲೂಕಿನ ಈ 16 ಸಾಲುಗಳ ಶಾಸನವನ್ನು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. “ಇದರ ಕಾಲ ಸುಮಾರು ಕ್ರಿ.ಶ. 450” ಎಂದು ಒಪ್ಪಿಸಿದೆ.

“ಕಲ್ಲಿನ ಮೇಲೆ ವರ್ಷ ಬರೆದಿದೆಯೇನಪ್ಪ?” ಎಂದರು ಅಧ್ಯಾಪಕರು.

ನಾನು ನಿರುತ್ತರನಾದೆ. ವರ್ಷ ಬರೆದಿಲ್ಲ, ಲಿಪಿಯ ಸ್ವರೂಪ, ಕದಂಬ ಕಾಕುಸ್ಥನ ಹೆಸರು ಮುಂತಾದವುಗಳಿಂದ ವಿದ್ವಾಂಸರು ಊಹಿಸಿದ್ದಾರೆಂದು ಚನ್ನರಾಯಪಟ್ಟಣದ ಸಹಪಾಠಿನಿ ವಿವರಿಸಿದಳು. “ತಾಳಗುಂದದ ಸಿಂಹಕಟಾಂಜನ ಶಾಸನವನ್ನು 370ರದೆಂದು ಹೇಳುತ್ತಾರಲ್ಲ, ಅದೇ ಹಳೆಯದಾಗಬೇಕಲ್ಲವೆ?” ಎಂದ ಅರಕಲಗೂಡಿನ ಮಿತ್ರ. “ಆ ವರ್ಷವಾದರೂ ಹೇಗೆ ಗೊತ್ತಾಯಿತು?” ಎಂದುಬಿಟ್ಟೆ. ಕಾಲೇಜಿನಲ್ಲಿ ನಾನು ಆಡಿದ ಮೊದಲ ಸ್ವಂತ ಮಾತು ಅದು. ಇಸವಿಯನ್ನು ನೆನಪಿಡುವುದು ಬೇರೆ, ಅದರ ಆಧಾರವನ್ನು ಕೇಳುವುದು ಬೇರೆ ಎಂದು ಆ ದಿನ ತಿಳಿಯಿತು.

ಗೋಷ್ಠಿ ಸಫಲವಾಗಲು ಕೆಲವು ನಿಯಮಗಳು ಅವಶ್ಯ. ಸದಸ್ಯರು ಹನ್ನೆರಡನ್ನು ಮೀರಬಾರದು. ಎಲ್ಲರೂ ಒಂದೇ ಪಾಠವನ್ನು ಮೊದಲೇ ಓದಿ, ಒಂದು ಪ್ರಶ್ನೆಯನ್ನು ಬರೆದು ತರಬೇಕು. ಎಲ್ಲರೂ ಒಮ್ಮೆ ಮಾತನಾಡುವ ತನಕ ಯಾರೂ ಎರಡನೆಯ ಸಲ ಮಾತೆತ್ತಬಾರದು. ಮಾತು ಮನೆಯ ಕನ್ನಡದಲ್ಲಿದ್ದರೆ ನಗಬಾರದು. ಸಂಜೆ ಬಸ್ಸು ಹಿಡಿಯುವವರಿಗೆ ತೊಂದರೆಯಾಗದಂತೆ ಹಗಲಿನ ಬಿಡುವಿನಲ್ಲೇ ಅದು ನಡೆಯಬೇಕು.

ಎಂಬತ್ತು ಮಂದಿಗೆ ಎಂಟು ಗೋಷ್ಠಿಗಳು ಬೇಕು. ಒಬ್ಬ ಅಧ್ಯಾಪಕರಿಂದ ಅದು ಆಗದ ಕೆಲಸ. ಅಂತಿಮ ವರ್ಷದ ನಾವು ಒಂದೊಂದರ ಹೊಣೆ ಹೊರಬಾರದೇಕೆ? ಕೊನೆಯ ಬೆಂಚಿನಲ್ಲಿ ಇಂದೂ ಯಾರೋ ಒಬ್ಬರು ತಮ್ಮ ಪ್ರಶ್ನೆಯನ್ನು ನುಂಗಿಕೊಂಡು ಕುಳಿತಿದ್ದಾರೆ.