ಕಾರು ತೊಳೆಯುವಾಗ ಮೊದಲು ಬಟ್ಟೆಯೋ, ನೀರೋ?



ಆದಿತ್ಯವಾರ ಬೆಳಿಗ್ಗೆ ನಿಮ್ಮ ನೆರೆಕರೆಯಲ್ಲಿ ಒಂದು ಸುತ್ತು ಹಾಕಿ. ಯಾವುದಾದರೊಂದು ಅಂಗಳದಲ್ಲಿ ಯಾರಾದರೂ ಕಾರು ತೊಳೆಯುತ್ತಾ ಇರುತ್ತಾರೆ. ಕೆಲವರಿಗೆ ಅದು ಬರೀ ಕೆಲಸ, ಕೆಲವರಿಗೆ ದೊಡ್ಡ ಹುಚ್ಚು. ನಾಲ್ಕು ಮಂದಿ ಸ್ನೇಹಿತರು ಸೇರಿ, "ನಿನ್ನದಕ್ಕೆ ಯಾವ ಶಾಂಪೂ? ಯಾವ ಮೇಣ?" ಎಂದು ಕೇಳಿಕೊಂಡು ಅರ್ಧ ದಿನ ಕಳೆಯುವುದೂ ಉಂಟು. ಹೀಗೆ ಮೂಲೆಮೂಲೆಯನ್ನೂ ಶುಚಿಮಾಡಿ ಹೊಳಪಿಸುವುದಕ್ಕೆ 'ಡೀಟೇಲಿಂಗ್' ಎನ್ನುತ್ತಾರೆ.

ನನಗೂ ಆ ಹುಚ್ಚು ಸ್ವಲ್ಪ ಉಂಟು. ಆದರೆ ಶುರುಮಾಡಿದ್ದು ಒಂದು ತಪ್ಪಿನಿಂದ. ನನ್ನ ಮೊದಲ ಕಾರು ಕಪ್ಪು ಬಣ್ಣದ್ದು. ಶಾಲೆಗೆ ಹೊರಡುವ ಮೊದಲು ದಿನಾ ಒಣಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದೆ. ಆರು ತಿಂಗಳು ಕಳೆಯಿತು. ಒಂದು ದಿನ ಬಿಸಿಲಲ್ಲಿ ನಿಲ್ಲಿಸಿ ನೋಡಿದರೆ ಬಾನೆಟ್ ತುಂಬಾ ಜೇಡರ ಬಲೆಯ ಹಾಗೆ ಗೀರುಗಳು! ಬೇರೆ ಯಾರೂ ಗೀರಿದ್ದಲ್ಲ, ನನ್ನ ಕೈಯೇ. ಎಲ್ಲಿ ತಪ್ಪಿದೆ? ಉತ್ತರ ನಿಮ್ಮ ವಿಜ್ಞಾನ ಪುಸ್ತಕದಲ್ಲೇ ಇದೆ.

ಗೀರು ಬಂದದ್ದು ಹೇಗೆ?

ಕಾರಿನ ಬಣ್ಣ ಒಂದೇ ಪದರ ಅಲ್ಲ. ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಈ ಮೇಲಿನ ಪದರದ ದಪ್ಪ ಸಾಮಾನ್ಯವಾಗಿ ಸುಮಾರು 40ರಿಂದ 50 ಮೈಕ್ರೋಮೀಟರ್. ಒಂದು ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಿಮ್ಮ ತಲೆಕೂದಲು ಇದಕ್ಕಿಂತ ದಪ್ಪ ಇರಬಹುದು! ಕಾರಿನ ಹೊಳಪೆಲ್ಲ ಇಷ್ಟು ತೆಳು ಪದರದಲ್ಲಿ ಉಂಟು.

ಇನ್ನು ಧೂಳನ್ನು ನೋಡಿ. ಅದರಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ. ಮರಳಿನ ಮುಖ್ಯ ಖನಿಜ ಕ್ವಾರ್ಟ್ಜ್. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದಕ್ಕೆ 7, ಕಿಟಕಿಯ ಗಾಜಿಗೆ ಸುಮಾರು 5.5. ಗಾಜನ್ನೇ ಗೀರುವ ಕಣ, ಅದಕ್ಕಿಂತ ಮೆದುವಾದ ಪ್ಲಾಸ್ಟಿಕ್ ಜಾತಿಯ ಪದರವನ್ನು ಬಿಟ್ಟೀತೇ? ಒಣಬಟ್ಟೆಯಲ್ಲಿ ಒರೆಸಿದಾಗ ನಾನು ನಿಜವಾಗಿ ಮಾಡಿದ್ದು ಉಪ್ಪುಕಾಗದ ಉಜ್ಜುವ ಕೆಲಸ.

ಗೀರು ಬಿದ್ದರೆ ಪಾಲಿಶ್ ಮಾಡಿದರಾಯಿತು ಎನ್ನುತ್ತೀರಾ? ಪಾಲಿಶ್ ಗೀರನ್ನು ತುಂಬಿಸುವುದಿಲ್ಲ. ಗೀರಿನ ಸುತ್ತಲಿನ ಪದರವನ್ನೇ ತೇಯ್ದು ಮಟ್ಟಮಾಡುತ್ತದೆ. ಪ್ರತಿ ಸಲ ಕ್ಲಿಯರ್ ಕೋಟ್ ಸ್ವಲ್ಪ ಸವೆಯುತ್ತದೆ. ಸವೆದದ್ದು ಮತ್ತೆ ಬರುವುದಿಲ್ಲ.

ಮಾಡಿ ನೋಡಿ: ಮನೆಯ ಹಳೆಯ ಸ್ಟೀಲ್ ತಟ್ಟೆಯನ್ನು ಬಲ್ಬಿನ ಬೆಳಕಿಗೆ ಹಿಡಿಯಿರಿ. ಬಲ್ಬಿನ ಪ್ರತಿಬಿಂಬದ ಸುತ್ತ ವೃತ್ತಾಕಾರದ ಗೆರೆಗಳು ಕಾಣುತ್ತವೆ. ಈಗ ತಲೆಯನ್ನು ಆಚೀಚೆ ಸರಿಸಿ. ವೃತ್ತಗಳೂ ಪ್ರತಿಬಿಂಬದ ಜೊತೆ ಸರಿಯುತ್ತವೆ! ಗೀರುಗಳು ಎಲ್ಲ ದಿಕ್ಕಿಗೂ ಇವೆ. ಆದರೆ ಸರಿಯಾದ ಕೋನದಲ್ಲಿ ಇರುವ ಗೀರುಗಳು ಮಾತ್ರ ಬೆಳಕನ್ನು ನಿಮ್ಮ ಕಣ್ಣಿಗೆ ಪ್ರತಿಫಲಿಸುತ್ತವೆ. ಅದಕ್ಕೇ ಬಾನೆಟ್ ಮೇಲೂ ಜೇಡರ ಬಲೆ ಕಂಡದ್ದು.

ಮೊದಲು ನೀರು, ಮತ್ತೆ ಶಾಂಪೂ

ಹಾಗಾದರೆ ಮೊದಲು ಏನು ಮಾಡಬೇಕು? ಧಾರಾಳ ನೀರು ಹೊಯ್ದು, ಮುಟ್ಟದೆಯೇ ಹೋಗುವ ಕಣಗಳನ್ನೆಲ್ಲ ಕಳಿಸಬೇಕು. ಉಳಿಯುವುದು ಎಣ್ಣೆಯಂಶದ ಕೊಳೆ. ಅದು ನೀರಿಗೆ ಬಗ್ಗದು. ಇಲ್ಲಿ ಮಾರ್ಜಕದ ಅಣುವಿನ ಕೆಲಸ ಶುರು. ಅದರ ತಲೆ ಜಲಾಕರ್ಷಕ, ಬಾಲ ಜಲವಿಕರ್ಷಕ. ಬಾಲಗಳು ಎಣ್ಣೆಯೊಳಗೆ ಹೊಕ್ಕು, ತಲೆಗಳು ನೀರಿನ ಕಡೆ ಮುಖಮಾಡಿ, ಕೊಳೆಯ ಸುತ್ತ ಸಣ್ಣ ಗೋಳ ಕಟ್ಟುತ್ತವೆ. ಇದೇ ಮೈಸೆಲ್. ಗೋಳವನ್ನು ನೀರು ಎತ್ತಿಕೊಂಡು ಹೋಗುತ್ತದೆ. ಅಜ್ಜಿ ಬಳಸುತ್ತಿದ್ದ ಅಂಟುವಾಳದ ಕಾಯಿಯಲ್ಲಿರುವ ಸಪೋನಿನ್ ಕೂಡ ಇದೇ ಕೆಲಸ ಮಾಡುತ್ತದೆ.

ಬಟ್ಟೆ ಒಗೆಯುವ ಪುಡಿ ಹಾಕಿದರೆ ಆಗದೇ? ಅದು ಸಾಮಾನ್ಯವಾಗಿ ಪ್ರತ್ಯಾಮ್ಲೀಯ, ಬಣ್ಣದ ಮೇಲಿನ ಮೇಣವನ್ನೂ ತೆಗೆದುಬಿಡುತ್ತದೆ. ಕಾರಿನ ಶಾಂಪೂವಿನ ಪಿಎಚ್ ಹೆಚ್ಚಾಗಿ 7ರ ಆಸುಪಾಸು.

ಅನುಭವಿಗಳು ಎರಡು ಬಕೆಟ್ ಇಡುತ್ತಾರೆ: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಗೆ ಹಿಡಿದ ಮರಳನ್ನು ಬರೀ ನೀರಲ್ಲಿ ಜಾಲಾಡಿಸಿದ ಮೇಲೆಯೇ ಮತ್ತೆ ಶಾಂಪೂವಿಗೆ ಅದ್ದುವುದು. ತೊಳೆಯುವುದು ಮೇಲಿನಿಂದ ಕೆಳಗೆ. ಯಾಕೆಂದರೆ ಮಣ್ಣು ಹೆಚ್ಚು ಇರುವುದು ಕೆಳಗೆ. ಮತ್ತೊಂದು, ನೆರಳಿನಲ್ಲೇ ತೊಳೆಯಬೇಕು. ಬಿಸಿಲಲ್ಲಿ ನೀರು ಆರಿದರೆ ಅದರಲ್ಲಿದ್ದ ಲವಣ ಅಲ್ಲೇ ಕೂತು ಬಿಳಿ ಕಲೆಯಾಗುತ್ತದೆ. ಗಡಸು ನೀರಿನ ಊರಿನವರಿಗೆ ಈ ಕಲೆಯ ಪರಿಚಯ ಚೆನ್ನಾಗಿ ಉಂಟು.

ಕೆಸುವಿನೆಲೆಯ ಪಾಠ

ಪತ್ರೊಡೆಗೆ ಕೊಯ್ಯುವ ಕೆಸುವಿನೆಲೆಯ ಮೇಲೆ ಮಳೆಹನಿ ಮುತ್ತಿನಂತೆ ಉರುಳುವುದನ್ನು ನೋಡಿದ್ದೀರಲ್ಲ? ಎಲೆಯ ಮೇಲ್ಮೈಯಲ್ಲಿ ಮೇಣ, ಜೊತೆಗೆ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿವೆ. ಹಾಗಾಗಿ ನೀರು ಅಂಟಿಕೊಳ್ಳುವುದಿಲ್ಲ. ಕಾರಿಗೆ ಮೇಣ ಹಚ್ಚುವುದೂ ಇದೇ ತತ್ತ್ವದಲ್ಲಿ. ಹೆಸರಾದ ಕಾರ್ನೌಬಾ ಮೇಣ ಸಿಗುವುದೂ ಎಲೆಯಿಂದಲೇ, ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ! ಮೇಣ ತೊಳೆದು ಹೋದಂತೆ ಹನಿಗಳು ಚಪ್ಪಟೆಯಾಗುತ್ತವೆ. ಮತ್ತೆ ಹಚ್ಚಲು ಅದೇ ಸೂಚನೆ.

ಕಾಣದ ಕಡೆ

ಮೇಲೆ ಎಷ್ಟು ಹೊಳೆದರೇನು, ಕಾರಿನ ಹೊಟ್ಟೆಯ ಭಾಗವನ್ನು ಮರೆತರೆ? ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಸಿಕ್ಕಿದರೆ ತುಕ್ಕು. ಉಪ್ಪು ಸೇರಿದರೆ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ತುಕ್ಕು ಬೇಗ ಹಿಡಿಯುತ್ತದೆ. ನಮ್ಮ ಕಾಸರಗೋಡಿನಂಥ ಕಡಲ ಕರೆಯಲ್ಲಿ, ಅದೂ ಮಳೆಗಾಲದಲ್ಲಿ, ಚಕ್ರದ ಸಂದಿಯ ಕೆಸರು ತೊಳೆಯುವುದು ಬಾನೆಟ್ ಹೊಳಪಿಸುವುದಕ್ಕಿಂತ ಮುಖ್ಯ.

ಇನ್ನೂ ಒಂದು ಕಾಣದ ಕಡೆ ಉಂಟು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಅದರಲ್ಲಿ ಎಣ್ಣೆ, ಮಾರ್ಜಕ ಎಲ್ಲ ಇರುತ್ತದೆ. ಮುರಕಲ್ಲಿನಲ್ಲಿ ರಂಧ್ರಗಳು ಜಾಸ್ತಿ. ಬಾವಿಕಟ್ಟೆಯ ಹತ್ತಿರ ತೊಳೆದರೆ ಆ ನೀರು ಇಂಗಿ ಬಾವಿಗೇ ಇಳಿಯಬಹುದು. ತೋಡಿಗೆ ಬಿಟ್ಟರೆ ಮೀನಿಗೆ ತೊಂದರೆ. ಕಾರನ್ನು ಬಾವಿಯಿಂದಲೂ ತೋಡಿನಿಂದಲೂ ದೂರ, ಹುಲ್ಲಿರುವ ಕಡೆ ನಿಲ್ಲಿಸಿ ತೊಳೆಯುವುದು ಒಳ್ಳೆಯದು.

ಯೋಚಿಸಿ, ಮಾಡಿ

1. ಪೈಪಿನಲ್ಲಿ 20 ಲೀಟರಿನ ಬಕೆಟ್ ತುಂಬಲು 2 ನಿಮಿಷ ಬೇಕಾದರೆ, ಅರ್ಧ ಗಂಟೆ ಬಿಟ್ಟ ಪೈಪಿನಿಂದ ಎಷ್ಟು ನೀರು ಹೋಗುತ್ತದೆ? ನಿಮ್ಮ ಮನೆಯ ಪೈಪನ್ನು ಅಳೆದು ಲೆಕ್ಕ ಹಾಕಿ.

2. ಕೆಸುವಿನೆಲೆ, ಬಾಳೆಲೆ, ಗಾಜು, ಮೇಣದಬತ್ತಿ ಉಜ್ಜಿದ ಗಾಜು: ನಾಲ್ಕರ ಮೇಲೂ ಒಂದೊಂದು ಹನಿ ನೀರು ಇಡಿ. ಬದಿಯಿಂದ ನೋಡಿ ಆಕಾರಗಳ ಚಿತ್ರ ಬರೆಯಿರಿ.

3. ಎರಡು ಕಬ್ಬಿಣದ ಮೊಳೆಗಳಲ್ಲಿ ಒಂದನ್ನು ಬಾವಿ ನೀರಿನಲ್ಲೂ ಇನ್ನೊಂದನ್ನು ಉಪ್ಪುನೀರಿನಲ್ಲೂ ಅರ್ಧ ಮುಳುಗುವಂತೆ ಇಡಿ. ಒಂದು ವಾರ ದಿನಾ ನೋಡಿ ಬರೆದಿಡಿ.

ಮುಂದಿನ ಆದಿತ್ಯವಾರ ಮನೆಯಲ್ಲಿ ಯಾರಾದರೂ ಒಣಬಟ್ಟೆ ಹಿಡಿದು ಕಾರಿನ ಅಥವಾ ಸ್ಕೂಟರಿನ ಹತ್ತಿರ ಹೋದರೆ, "ಸ್ವಲ್ಪ ನಿಲ್ಲಿ, ಮೊದಲು ನೀರು" ಎಂದು ಹೇಳಿ. ಯಾಕೆ ಎಂದು ಕೇಳಿದರೆ ಆ ಸ್ಟೀಲ್ ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿ.