ನಡೆದು ಬಂದವರಿಗೆ ಮೊದಲು ಉಪ್ಪು ಮಜ್ಜಿಗೆ

ಯುಗಾದಿ ಹತ್ತಿರ ಬಂತೆಂದರೆ ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ಶ್ರೀಶೈಲಕ್ಕೆ ಹೊರಟವರ ಸಾಲು ಕಾಣುತ್ತದೆ. ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು, ಬರಿಗಾಲಲ್ಲಿ ನಡೆಯುವ ಹೆಣ್ಣುಮಕ್ಕಳು. ನಮ್ಮ ಗೊರೇಬಾಳದಿಂದ ನಾನೂ ಅವರ ಜೊತೆ ನಡೆದಿದ್ದೇನೆ. ನಡೆಯಲಾಗದ ವರ್ಷ ದಾಸೋಹದಲ್ಲಿ ನಿಂತು ಮಜ್ಜಿಗೆ ಹಂಚಿದ್ದೇನೆ. ಎರಡೂ ಕಡೆ ನಿಂತು ನೋಡಿದ್ದರಿಂದ ಒಂದು ಮಾತು ನನಗೆ ಖಾತ್ರಿಯಾಗಿದೆ: ಈ ಯಾತ್ರೆಯಲ್ಲಿ ಜನ ಸೋಲುವುದು ಹಗಲಿನ ನಡಿಗೆಯಲ್ಲಲ್ಲ, ಸಂಜೆ ಚೀಲ ಇಳಿಸಿದ ಮೇಲಿನ ಒಂದೆರಡು ತಾಸಿನಲ್ಲಿ. ಒಂದೇ ದಿನದ ಓಟವಾಗಿದ್ದರೆ ಮುಗಿದ ಮೇಲೆ ಏನು ತಿಂದರೂ ನಡೆದೀತು. ಇಲ್ಲಿ ನಾಳೆ ನಸುಕಿಗೆ ಎದ್ದು ಮತ್ತೆ ಮೂವತ್ತು ನಲವತ್ತು ಕಿಲೋಮೀಟರ್ ಸವೆಸಬೇಕು.

ನಮ್ಮ ತಂಡದಲ್ಲಿ ಕಂಬಿ ಹೊರುವ ಹಿರಿಯರೊಬ್ಬರಿದ್ದರು. ಸಂಜೆ ತಂಗುದಾಣ ಮುಟ್ಟಿದ ಕೂಡಲೇ ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದರು: “ಒಂದಕ್ಕ ಹೋಗಿ ಬಂದಿಯೇನು ತಮ್ಮಾ? ಬಣ್ಣ ಹೆಂಗೈತಿ?” ಹೊಸಬರು ನಾಚಿಕೊಳ್ಳುತ್ತಿದ್ದರು. ಮೈಯಲ್ಲಿ ನೀರು ಎಷ್ಟಿದೆ ಎಂದು ತಿಳಿಯಲು ಬಯಲಲ್ಲಿ ಅದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ತಿಳಿಹಳದಿ ಇದ್ದರೆ ಚಿಂತೆಯಿಲ್ಲ, ಗಾಢವಾಗಿದ್ದರೆ ಕುಡಿಯಬೇಕು. ಆದರೆ ಅವರು ಕೈಗೆ ಕೊಡುತ್ತಿದ್ದದ್ದು ಬರೀ ನೀರಲ್ಲ, ಉಪ್ಪು ಜೀರಿಗೆ ಹಾಕಿದ ಮಜ್ಜಿಗೆ.

ಅದಕ್ಕೆ ಕಾರಣ ಬೆವರಿನಲ್ಲಿದೆ. ಒಂದು ಲೀಟರ್ ಬೆವರಿನಲ್ಲಿ ಸುಮಾರು 1 ಗ್ರಾಂ ಸೋಡಿಯಂ ಹೋಗುತ್ತದೆ, ಅಂದರೆ ಎರಡೂವರೆ ಗ್ರಾಂ ಉಪ್ಪು. ಚಹಾ ಚಮಚದಲ್ಲಿ ಅಳೆದರೆ ಅರ್ಧದ ಹತ್ತಿರ. ವರ್ಷವಿಡೀ ಬಿಸಿಲಲ್ಲಿ ಭತ್ತದ ಗದ್ದೆಯಲ್ಲಿ ದುಡಿಯುವವರ ಬೆವರಿನಲ್ಲಿ ಉಪ್ಪು ಕಡಿಮೆ, ಅವರ ದೇಹ ಅದನ್ನು ಹಿಡಿದಿಟ್ಟುಕೊಳ್ಳಲು ಕಲಿತಿರುತ್ತದೆ. ಬೆಂಗಳೂರಿನ ಎಸಿ ಕೋಣೆಯಿಂದ ಎದ್ದು ಬಂದು ಯಾತ್ರೆಗೆ ಸೇರುವ ಹುಡುಗರ ಅಂಗಿಯ ಬೆನ್ನ ಮೇಲೆ ಮೊದಲ ಸಂಜೆಯೇ ಬಿಳಿ ಗೆರೆ ಮೂಡಿರುತ್ತದೆ.

ಅಂಥ ಒಬ್ಬ ಹುಡುಗನಿಗೆ ಒಂದು ಸಂಜೆ ತಲೆನೋವು, ವಾಕರಿಕೆ ಶುರುವಾಯಿತು. ಎಲ್ಲರೂ ಬಿಸಿಲು ಬಡಿದಿದೆ ಎಂದು ಬಾಟಲಿ ಮೇಲೆ ಬಾಟಲಿ ನೀರು ಕುಡಿಸಲು ಹೊರಟರು. ಅವನು ದಾರಿಯುದ್ದಕ್ಕೂ ಕುಡಿದೇ ಬಂದಿದ್ದ. ಬೆರಳು ಊದಿ ಉಂಗುರ ಅಲುಗುತ್ತಿರಲಿಲ್ಲ, ಮಾತು ತಡವರಿಸುತ್ತಿತ್ತು. ಜೊತೆಗಿದ್ದ ನರ್ಸ್ ಒಬ್ಬರು ನೀರು ಬಿಡಿಸಿ ಆಸ್ಪತ್ರೆಗೆ ಕರೆದೊಯ್ದರು. ರಕ್ತದಲ್ಲಿ ಸೋಡಿಯಂ ಇಳಿದಿತ್ತು. ಇದೇನೂ ಅಪರೂಪದ ಸಂಗತಿಯಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಓಡಿದವರಲ್ಲಿ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ನೀರು ಸಾಲದವನ ಬಾಯಿ ಒಣಗುತ್ತದೆ, ಕಣ್ಣು ಗುಳಿ ಬೀಳುತ್ತದೆ. ಬರೀ ನೀರು ಹೆಚ್ಚಾದವನ ಮುಖ, ಕೈ ಊದಿಕೊಳ್ಳುತ್ತವೆ. ಇಬ್ಬರಿಗೂ ತಲೆನೋವು ಬರುತ್ತದೆ, ಇಬ್ಬರೂ ಸುಸ್ತಾಗಿಯೇ ಕಾಣುತ್ತಾರೆ. ದಾಸೋಹದಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ಈ ವ್ಯತ್ಯಾಸ ಗೊತ್ತಿರಬೇಕು. ಮಾತು ತಡವರಿಸಿತೆಂದರೆ ಮಾತ್ರ ಎರಡರಲ್ಲಿ ಯಾವುದೆಂದು ಯೋಚಿಸುತ್ತ ಕೂರದೆ ಗಾಡಿ ತರಿಸಬೇಕು.

ಉಪ್ಪಿನ ಜೊತೆ ಒಂದಿಷ್ಟು ಸಿಹಿ ಸೇರಿದರೆ ಕರುಳು ನೀರನ್ನು ಇನ್ನೂ ಬೇಗ ಎಳೆದುಕೊಳ್ಳುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಕರುಳಿನ ಗೋಡೆ ದಾಟುತ್ತವೆ, ನೀರು ಅವುಗಳ ಬೆನ್ನು ಹತ್ತುತ್ತದೆ. ಈ ಸೂತ್ರ ಸಾವಿರಾರು ಜೀವ ಉಳಿಸಿದ್ದು 1971ರಲ್ಲಿ, ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ. ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ತೀರಿದಾಗ ಡಾ. ದಿಲೀಪ್ ಮಹಲನೋಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಿಂದ ಹಂಚಿದರು. ಸಿಂಧನೂರಿನವರಿಗೆ ಈ ಕಥೆ ದೂರದ್ದಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು ನೆಲೆ ಕಂಡ ಆರ್.ಎಚ್. ಕ್ಯಾಂಪ್‌ಗಳು ನಮ್ಮ ತಾಲ್ಲೂಕಿನಲ್ಲೇ ಇವೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಹಾಕಬೇಕು. ಕಣ್ಣಂದಾಜಿಗೆ ಉಪ್ಪು ಸುರಿಯಬಾರದು.

ಎಷ್ಟು ಕುಡಿಯಬೇಕು? ಒಂದು ವರ್ಷ ಭತ್ತ ತೂಗುವ ಕಾಟಾದ ಮೇಲೆ ನಸುಕಿನಲ್ಲಿ ಒಮ್ಮೆ, ನಡೆದು ಬಂದ ಮೇಲೆ ಒಮ್ಮೆ ನಿಂತು ನೋಡಿದೆವು. ದಾರಿಯಲ್ಲಿ ಕುಡಿಯುತ್ತಲೇ ಬಂದಿದ್ದರೂ ಕೆಲವರು ಎರಡು ಕಿಲೋ ಇಳಿದಿದ್ದರು. ಕಳೆದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್ ಬೇಕು, ಅದೂ ಮೂರ್ನಾಲ್ಕು ತಾಸಿನಲ್ಲಿ ಸ್ವಲ್ಪ ಸ್ವಲ್ಪವಾಗಿ. ಒಮ್ಮೆಗೇ ಕುಡಿದದ್ದು ಹೆಚ್ಚು ಹೊತ್ತು ಮೈಯಲ್ಲಿ ನಿಲ್ಲುವುದಿಲ್ಲ.

ಇನ್ನು ಊಟ. ದಣಿದು ಬಂದವರಿಗೆ ಹಸಿವೇ ಇರುವುದಿಲ್ಲ. “ಸ್ವಲ್ಪ ಅಡ್ಡಾಗ್ತೀನಿ, ಆಮ್ಯಾಲ ಉಣ್ತೀನಿ” ಎಂದವರು ನಿದ್ದೆ ಹೋಗಿ, ಮರುದಿನ ಹತ್ತು ಕಿಲೋಮೀಟರ್‌ಗೇ ಕಾಲು ಸೋತು ಕೂತದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ದಿನದ ನಡಿಗೆಯಲ್ಲಿ ಕರಗಿರುತ್ತದೆ. ನಡಿಗೆ ಮುಗಿದ ಮೊದಲ ತಾಸುಗಳಲ್ಲಿ ಅದು ಬೇಗ ತುಂಬುತ್ತದೆ, ಪೂರಾ ತುಂಬಲು ಒಂದು ದಿನವೇ ಬೇಕಾದೀತು. ಕ್ರೀಡಾ ಆಹಾರ ತಜ್ಞರ ಲೆಕ್ಕ, ಮೊದಲ ನಾಲ್ಕು ತಾಸು ತಾಸಿಗೆ ದೇಹತೂಕದ ಕಿಲೋಗೆ 1 ಗ್ರಾಂ ಶರ್ಕರಪಿಷ್ಟ. ಅರವತ್ತು ಕಿಲೋ ತೂಗುವವರಿಗೆ ತಾಸಿಗೆ 60 ಗ್ರಾಂ, ಎರಡು ಬಿಸಿ ಜೋಳದ ರೊಟ್ಟಿಯಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ. ಅಗಿಯಲೂ ಮನಸ್ಸಿಲ್ಲದವರಿಗೆ ಮೊದಲು ಅಂಬಲಿ ಕೊಡಬೇಕು. ಜೋಳದ ಹಿಟ್ಟು, ಮಜ್ಜಿಗೆ, ಉಪ್ಪು, ನೀರು ನಾಲ್ಕೂ ಒಂದೇ ಲೋಟದಲ್ಲಿ ಹೊಟ್ಟೆ ಸೇರುತ್ತವೆ. ನನ್ನ ಮಟ್ಟಿಗೆ ಇದಕ್ಕೆ ಸಮನಾದ ಪಾನೀಯವನ್ನು ಯಾವ ಕಂಪನಿಯೂ ಮಾಡಿಲ್ಲ. ಬಾಳೆಹಣ್ಣು, ಮಾದಲಿ ಕೂಡ ಸರಾಗವಾಗಿ ಇಳಿಯುತ್ತವೆ.

ದಾಸೋಹಗಳಲ್ಲಿ ಕೊರತೆ ಕಾಣುವುದು ಕಾಳಿನದು. ಅನ್ನ, ಸಾರು, ಸಜ್ಜಕ ಧಾರಾಳವಾಗಿರುತ್ತವೆ, ಆದರೆ ಸವೆದ ಸ್ನಾಯು ದುರಸ್ತಿಯಾಗಲು ಊಟಕ್ಕೆ 20ರಿಂದ 25 ಗ್ರಾಂ ಪ್ರೋಟೀನ್ ಬೇಕು. ಎರಡು ರೊಟ್ಟಿ, ಬಟ್ಟಲು ಹೆಸರುಕಾಳು ಪಲ್ಯ, ಬಟ್ಟಲು ಗಟ್ಟಿ ಮೊಸರು, ಒಂದು ಹಿಡಿ ಶೇಂಗಾ ಸೇರಿದರೆ ಅಷ್ಟು ಸಿಕ್ಕೇ ಸಿಗುತ್ತದೆ. ದಾನ ಕೊಡುವವರು ಇನ್ನೊಂದು ಚೀಲ ಸಕ್ಕರೆಯ ಬದಲು ಒಂದು ಚೀಲ ಹೆಸರು ಕೊಟ್ಟರೆ ನಡೆಯುವವರಿಗೆ ದೊಡ್ಡ ಉಪಕಾರ. ಮಿರ್ಚಿ ಭಜಿಯನ್ನು ಆ ಹೊತ್ತಿಗೆ ಕೊಡಬೇಡಿ. ಎಣ್ಣೆ ಹೊಟ್ಟೆಯಲ್ಲೇ ಕೂತು ಬೇರೆ ಊಟಕ್ಕೆ ಜಾಗ ಬಿಡುವುದಿಲ್ಲ. ಚಹಾ ಒಂದೆರಡು ಕಪ್ ಕುಡಿದರೆ ತೊಂದರೆಯಿಲ್ಲ, ಮೈಯ ನೀರನ್ನೆಲ್ಲ ಹಿಂಡುತ್ತದೆ ಎಂಬುದು ಸುಳ್ಳು.

ಹೆಚ್ಚು ಹೆದರಬೇಕಾದದ್ದು ನೋವಿನ ಗುಳಿಗೆಗೆ. ಬೆವರು ಹರಿದು ನೀರು ಇಳಿದಿರುವಾಗ ಖಾಲಿ ಹೊಟ್ಟೆಯಲ್ಲಿ ಡೈಕ್ಲೊಫೆನಾಕ್ ನುಂಗಿದರೆ ಹೊಟ್ಟೆಯ ಒಳಪದರಕ್ಕೂ ಮೂತ್ರಪಿಂಡಕ್ಕೂ ಪೆಟ್ಟು. ಯಾತ್ರೆಯ ದಾರಿಯಲ್ಲಿ ಈ ಗುಳಿಗೆಗಳು ಪ್ರಸಾದದ ಹಾಗೆ ಕೈಯಿಂದ ಕೈಗೆ ಹೋಗುವುದನ್ನು ಕಂಡು ಸಂಕಟವಾಗುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪು ಸಿಹಿಯ ಪ್ರಮಾಣವನ್ನು ಹೊರಡುವ ಮುನ್ನವೇ ವೈದ್ಯರಲ್ಲಿ ಕೇಳಿಕೊಳ್ಳಬೇಕು.

ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಕಾಡು ಹೊಕ್ಕ ಮೇಲೆ ಲೆಕ್ಕ ಬದಲಾಗುತ್ತದೆ. ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರ, ಎಲ್ಲ ಏರಿಳಿತದ ಹಾದಿ. ಭೀಮನ ಕೊಳ್ಳಕ್ಕೆ ಇಳಿಯುವಾಗ ತೊಡೆಯ ಸ್ನಾಯುಗಳು ಹರಿಯುವಂತಾಗುತ್ತವೆ, ಆ ನೋವು ಜೋರಾಗುವುದು ಒಂದೆರಡು ದಿನ ಕಳೆದ ಮೇಲೆ. ಹಾಗಾಗಿ ದರ್ಶನ ಮುಗಿಸಿ ಯುಗಾದಿಯ ಬೇವು ಕುಡಿದು ಬಸ್ಸು ಹತ್ತಿದವರು ಊಟ ಬಿಡಬಾರದು. ಬೆಲ್ಲ, ಹುಣಸೆ, ಪುಟಾಣಿ ಹಿಟ್ಟಿನ ಆ ಬೇವು ಒಳ್ಳೆಯದೇ, ಆದರೆ ಅದೊಂದರಿಂದ ಸಾಲದು. ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಪಾದ ಊದುತ್ತದೆ, ಬಸ್ಸು ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಬೇಕು. ಊರು ಸೇರಿದ ಮೇಲೂ ಎರಡು ಮೂರು ದಿನ ಹಸಿವು ಹೆಚ್ಚೇ ಇರುತ್ತದೆ. ಆಗ ರೊಟ್ಟಿ, ಕಾಳು, ಮೊಸರು ಹೊಟ್ಟೆ ತುಂಬ ಉಣ್ಣಿ.