ಫಾರಂ ಕೋಳಿ ‘ಆಹಾರ’ವಾಗುವುದು ಯಾವಾಗ?

ಪ್ರಶ್ನೆ: ನಮ್ಮೂರ ಸುತ್ತ ಎಲ್ಲಿ ನೋಡಿದರೂ ಕೋಳಿ ಫಾರಂಗಳೇ. ಆಹಾರ ಸುರಕ್ಷತಾ ಅಧಿಕಾರಿಗಳು ಮಾತ್ರ ಹೋಟೆಲು, ಕೋಳಿ ಅಂಗಡಿಗಳಿಗಷ್ಟೇ ಬರುತ್ತಾರೆ. ಫಾರಂ ಕಡೆ ಯಾಕೆ ತಲೆ ಹಾಕುವುದಿಲ್ಲ?
– ಓದುಗರೊಬ್ಬರು, ಪಲ್ಲಡಂ

ಉತ್ತರ: ಬ್ರಾಯ್ಲರ್ ಕೋಳಿಯ ಫಾರಂ ದರ ನಿಗದಿಯಾಗುವ ಊರಿನವರೇ ಕೇಳಬೇಕಾದ ಪ್ರಶ್ನೆ ಇದು. ತಮಾಷೆಯೆಂದರೆ, ಫಾರಂನಲ್ಲಿ ಕಾಳು ಹೆಕ್ಕುತ್ತಿರುವ ಕೋಳಿ ಕಾನೂನಿನ ಕಣ್ಣಿಗೆ ಆಹಾರವೇ ಅಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ‘ಆಹಾರ’ದ ವ್ಯಾಖ್ಯೆಯಿಂದ ಜೀವಂತ ಪ್ರಾಣಿಗಳನ್ನೂ ಅವುಗಳ ಮೇವನ್ನೂ ಹೊರಗಿಟ್ಟಿದೆ. ರೈತನಿಗೂ ಅವನ ಸಾಕಣೆಗೂ ಕಾಯ್ದೆ ಅನ್ವಯಿಸದು ಎಂದು 18ನೇ ಸೆಕ್ಷನ್ ಬೇರೆ ಹೇಳುತ್ತದೆ. ಕೋಳಿಯನ್ನು ಕೊಯ್ದು ಮಾರಾಟಕ್ಕಿಟ್ಟ ಮೇಲೆಯೇ ಅಧಿಕಾರಿಯ ಅಧಿಕಾರ ಶುರು.

ಬೆಳೆಗಾರನನ್ನು ಇನ್‌ಸ್ಪೆಕ್ಟರ್ ಕಾಟದಿಂದ ದೂರವಿಡುವುದು ಸರಿಯೇ. ಆದರೆ ಕೋಳಿಗೆ ಆ್ಯಂಟಿಬಯಾಟಿಕ್ ಕೊಡುವುದು ಫಾರಂನಲ್ಲಿ, ಅದರ ಉಳಿಕೆಗೆ ಉತ್ತರ ಹೇಳಬೇಕಾದವನು ಅಂಗಡಿಯವನು. ಕೋಳಿ, ದನಗಳಿಗೆಂದು ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ತಯಾರಿಸಿ ಮಾರುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಅದು ಔಷಧ ಕಾನೂನಿನಡಿ, ಆಹಾರ ಕಾನೂನಿನಡಿ ಅಲ್ಲ. ಒಂದೇ ಕೋಳಿ, ಎರಡು ಕಾನೂನು. ಈ ಸಂದಿಯೇ ನನಗೆ ಸರಿ ಕಾಣದ್ದು.

ಅಂಗಡಿಯೊಳಗಾದರೆ ಕಾನೂನು ಬಿಗಿಯಾಗಿಯೇ ಇದೆ. ಅಧಿಕಾರಿ ಮಾದರಿ ತೆಗೆಯುವಾಗ ಅಂಗಡಿಯವನಿಗೆ ಬರವಣಿಗೆಯಲ್ಲಿ ತಿಳಿಸಬೇಕು, ಮಾಂಸಕ್ಕೆ ಅಂಗಡಿಯ ದರದಲ್ಲೇ ಹಣ ಕೊಡಬೇಕು (ಪುಕ್ಕಟೆ ಒಯ್ಯುವಂತಿಲ್ಲ!), ನಾಲ್ಕು ಭಾಗ ಮಾಡಿ ಸೀಲು ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ಅವರು 14 ದಿನದೊಳಗೆ ವರದಿ ಕೊಡಬೇಕು. ವರದಿ ಒಪ್ಪದ ವ್ಯಾಪಾರಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಕೊಳಕು ಮೋರಿ, ಮುಚ್ಚಳವಿಲ್ಲದ ಡ್ರಮ್ಮಿನಂಥ ದೋಷಗಳಿಗೆ ಮೊದಲು ಸುಧಾರಣಾ ನೋಟಿಸ್. ಕೇಳದಿದ್ದರೆ ಲೈಸೆನ್ಸ್ ಅಮಾನತು. ದಂಡ ಹಾಕುವವರು ಹೆಚ್ಚುವರಿ ಜಿಲ್ಲಾ ಮ್ಯಾಜಿಸ್ಟ್ರೇಟ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ.

ಇನ್ನು ಅಂಗಡಿಯ ಗೋಡೆಯ ಮೇಲಿನ 14 ಅಂಕಿಯ ಲೈಸೆನ್ಸ್ ನಂಬರು ಇಂಥವರು ಇಂಥ ವ್ಯಾಪಾರ ಮಾಡುತ್ತಾರೆ ಎಂದಷ್ಟೇ ಹೇಳುತ್ತದೆ. ಇವತ್ತಿನ ಕೋಳಿ ತಾಜಾ ಎಂದಲ್ಲ.

ನಿಮಗೆ ಅನುಮಾನವಿದ್ದರೆ ಅಧಿಕಾರಿಗಾಗಿ ಕಾಯಬೇಕಿಲ್ಲ. ಕೊಳ್ಳುವಾಗಲೇ “ಇದನ್ನು ಪರೀಕ್ಷೆಗೆ ಕೊಡುತ್ತೇನೆ” ಎಂದು ಅಂಗಡಿಯವನಿಗೆ ತಿಳಿಸಿ, ಶುಲ್ಕ ಕಟ್ಟಿ ವಿಶ್ಲೇಷಕರಿಂದ ನೀವೇ ಪರೀಕ್ಷೆ ಮಾಡಿಸಬಹುದು. ತಪ್ಪು ಕಂಡುಬಂದರೆ ಕಟ್ಟಿದ ಶುಲ್ಕ ನಿಮಗೆ ವಾಪಸ್.